ಕಂಬದ ಬುಡದ ಮೀನು

ಕ್ಷೌರಿಕನ ಬಲಗೈ ಅವನಿಗೇ ಕೈಕೊಟ್ಟದ್ದು ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದು ಮುಗಿಸಿದ ಹೊತ್ತಿಗೆ. ಕತ್ತಿ ಬೆರಳುಗಳಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲೆಂದು ಬಗ್ಗಿದವನು ಮತ್ತೆ ಏಳಲಿಲ್ಲ. ಆ ಗಿರಾಕಿ ಪುಣ್ಯಾತ್ಮ. ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆಯ ತುಂಬ ನೊರೆ, ಹೆಗಲ ಮೇಲೆ ಸಲೂನಿನ ಬಟ್ಟೆ, ಅದೇ ವೇಷದಲ್ಲಿ ಬೀದಿಗೆ ಓಡಿ ಸಿಕ್ಕ ಗಾಡಿಯನ್ನು ಅಡ್ಡಗಟ್ಟಿ, ಅವನನ್ನು ಆಸ್ಪತ್ರೆಗೆ ಸೇರಿಸಿದ. ತಲೆಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು, ಬೇಗ ತಂದದ್ದಕ್ಕೆ ಬಚಾವಾದ ಎಂದರು ಡಾಕ್ಟರು.

ಮೊದಲು ವಾಪಸು ಬಂದದ್ದು ಮಾತು. ಅವನ ಬಾಯಿ ಬಲ್ಲವರಾರಿಗೂ ಅದರಿಂದ ಆಶ್ಚರ್ಯವಾಗಲಿಲ್ಲ. ಆಮೇಲೆ ಕಾಲು ಸರಿಹೋಯಿತು. ಮೆಟ್ಟಿಲು ಹತ್ತುವಾಗ ಸ್ವಲ್ಪ ಎಳೆಯುತ್ತಿತ್ತು, ಅಷ್ಟೆ. ಕೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಮನೆಯಲ್ಲೇ ಇದ್ದೂ ಯಾವ ಕೆಲಸಕ್ಕೂ ಬರದೆ ಕೂತಿತು. ಬೆರಳು ಮಡಚಿದರೆ ಮಡಚುತ್ತಿತ್ತು, ಆದರೆ ಹಿಡಿದದ್ದು ಚಮಚವೋ ಟವೆಲೋ ತಿಳಿಯುತ್ತಿರಲಿಲ್ಲ. ಯಾವಾಗಲೂ ಜೋಮು ಹಿಡಿದಂತೆ.

ಆಸ್ಪತ್ರೆಯಲ್ಲಿ ಒಂದು ಮೆತ್ತನೆಯ ಚೆಂಡು ಕೊಟ್ಟು, ಇದನ್ನು ಹಿಸುಕುತ್ತಾ ಇರಿ ಎಂದಿದ್ದರು. ಅವನು ಒಂದು ವಾರ ಹಿಸುಕಿದ. ಎರಡನೇ ವಾರ ಕಿಟಕಿಯಿಂದ ಚರಂಡಿಗೆ ಎಸೆದ. ಹೆಂಡತಿ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನ ಮೈಯೆಲ್ಲ ಮೈದಾಹಿಟ್ಟು ಮಾಡಿಕೊಂಡು ಬಂದವಳು ಬಾಗಿಲ ಮುಂದಿನ ಚರಂಡಿಯಲ್ಲಿ ಚೆಂಡನ್ನು ಕಂಡು, ಹೆಕ್ಕಿ, ತೊಳೆದು, ಅವನ ತೊಡೆಯ ಮೇಲಿಟ್ಟಳು. ಅವನು ಮತ್ತೆ ಎಸೆದ. ಮೂರನೇ ಸಲ ಅವಳು ಚೆಂಡು ತೊಳೆಯಲಿಲ್ಲ, ಅವನ ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಎಂದರೆ ಐಸ್ ಫ್ಯಾಕ್ಟರಿಯಲ್ಲಿ ಜೀವಮಾನವೆಲ್ಲ ಮಂಜುಗಡ್ಡೆ ಎತ್ತಿ ಇಳಿಸಿ ನಿವೃತ್ತಳಾದ ಹೆಂಗಸು. ತೋಳು ಇನ್ನೂ ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ. ತಮ್ಮನ ಮನೆಯಿಂದ ಎರಡು ಬೀದಿ ಆಚೆ ಒಂಟಿಯಾಗಿದ್ದಳು. ಮಳೆಗಾಳಿ ಇಲ್ಲದ ದಿನವೆಲ್ಲ ಗಾಳದ ಕೋಲು ಹಿಡಿದು ಸಮುದ್ರದ ಜೆಟ್ಟಿಯ ಮೇಲೆ ಕೂರುವುದು ಅವಳ ಉದ್ಯೋಗ.

"ಏಳೋ," ಎಂದಳು, ಬಂದವಳೇ.

"ಎಲ್ಲಿಗೆ?"

"ಮೀನು ಹಿಡಿಯೋಕೆ."

"ನಂಗೆ ಆ ವಾಸನೆ ಆಗಲ್ಲ ಅಂತ ನಿಂಗೊತ್ತಲ್ಲಕ್ಕ!"

ಅದು ನಿಜ. ಇಪ್ಪತ್ತು ಬಗೆಯ ಸೆಂಟು, ಪೌಡರು, ಸೋಪುಗಳ ನಡುವೆ ಬಾಳಿದ ಮನುಷ್ಯ ಅವನು. ಮೀನು ತಿನ್ನುತ್ತಿದ್ದನೇ ಹೊರತು ಮುಟ್ಟಿದವನಲ್ಲ.

"ಮೂಗಿಗೆ ಏನೂ ಆಗಿಲ್ಲ ಅಂತಾಯ್ತಲ್ಲ, ಒಳ್ಳೇದೇ ಆಯ್ತು. ಚಪ್ಪಲಿ ಬೇಡ, ಬೂಟು ಹಾಕ್ಕೋ. ಅಲ್ಲಿ ಪಾಚಿ ಜಾರುತ್ತೆ," ಎಂದು ಅಕ್ಕ ಹೊರಗೆ ನಡೆದೇಬಿಟ್ಟಳು. ಹೆಂಡತಿ ಬೂಟನ್ನು ಆಗಲೇ ಬಾಗಿಲಲ್ಲಿ ಇಟ್ಟಿದ್ದಳು. ಇಬ್ಬರೂ ಸೇರಿ ಮಸಲತ್ತು ಮಾಡಿದ್ದಾರೆಂದು ಅವನಿಗೆ ಆಗ ಗೊತ್ತಾಯಿತು.

ಜೆಟ್ಟಿ ದಡದಿಂದ ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿತ್ತು. ದಪ್ಪ ಕಂಬಗಳ ಮೇಲೆ ಹಲಗೆ ಹಾಸಿ, ಎರಡೂ ಬದಿಗೆ ಸೊಂಟದೆತ್ತರದ ಕಟಕಟೆ. ತುತ್ತತುದಿಯಲ್ಲಿ ಏಳೆಂಟು ಮಂದಿ ಸಾಲಾಗಿ ನಿಂತು, ಕೋಲನ್ನು ಹಿಂದಕ್ಕೆ ಬೀಸಿ ದಾರವನ್ನು ದೂರ ದೂರ ಎಸೆಯುತ್ತಿದ್ದರು. ಅಕ್ಕ ಅಲ್ಲಿಯವರೆಗೂ ಹೋಗದೆ ಅರ್ಧ ದಾರಿಯಲ್ಲೇ ಬಕೆಟ್ಟು ಕೆಳಗಿಟ್ಟಳು.

"ಎಲ್ಲರೂ ತುದೀಲಿ ಇದಾರೆ, ನೀನು ಇಲ್ಲಿ ಕೂರ್ತೀಯಾ?"

"ಅವರು ಸಮುದ್ರ ನೋಡೋಕೆ ಬಂದವರು," ಎಂದಳು ಅಕ್ಕ. "ಲೋ, ಕೆಳಗೆ ಬಗ್ಗಿ ನೋಡು. ಆ ಕಂಬ ನೋಡು. ಏನು ಅಂಟಿಕೊಂಡಿದೆ?"

ಅವನು ಬಗ್ಗಿ ನೋಡಿದ. ನೀರಿನ ಮಟ್ಟದಿಂದ ಕೆಳಕ್ಕೆ ಕಂಬದ ಮೈತುಂಬ ಚಿಪ್ಪುಗಳು, ಪಾಚಿ, ಪಾಚಿಯ ನಡುವೆ ಓಡಾಡುವ ಪುಟಾಣಿ ಏಡಿಗಳು.

"ಅದೇ ಅವುಗಳ ಊಟದ ಮನೆ. ನೆರಳೂ ಇದೆ, ತಿಂಡಿನೂ ಇದೆ. ಮೀನು ನಿನ್ನ ಕಾಲ ಕೆಳಗೇ ಇರುವಾಗ ದಾರಾನ ಆ ಮೂಲೆಗೆ ಯಾಕೆ ಕಳಿಸ್ತೀಯ? ನೇರ ಕೆಳಗೆ ಬಿಡು. ಸೀಸದ ಗುಂಡು ತಳ ಮುಟ್ಟಿದ ಮೇಲೆ ಒಂದು ಗೇಣು ಮೇಲೆತ್ತು. ಆಮೇಲೆ ಬಾಯಿ ಎಷ್ಟಾದ್ರೂ ಆಡಿಸು, ಕಾಲು ಮಾತ್ರ ಕುಟ್ಟಬೇಡ. ಹಲಗೆ ಸದ್ದು ಕಂಬದಲ್ಲಿ ಇಳಿದು ಅವುಗಳ ಕಿವಿಗೆ ಹೋಗುತ್ತೆ."

ಬಾಯಿ ಆಡಿಸಬಹುದೆಂಬ ಒಂದೇ ಕಾರಣಕ್ಕೆ ಅವನು ಅವತ್ತು ಅಲ್ಲಿ ಕೂತ ಎನ್ನಬೇಕು. ಆದರೆ ಅಕ್ಕ ಸುಮ್ಮನೆ ಕೂರಿಸಲಿಲ್ಲ. ಗಾಳವನ್ನೂ ದಾರವನ್ನೂ ಅವನ ಮಡಿಲಿಗೆ ಹಾಕಿ, "ಕಟ್ಟು," ಎಂದಳು. ಗಾಳದ ಕಣ್ಣಿನಲ್ಲಿ ದಾರ ತೂರಿಸಿ, ಹಿಂದಕ್ಕೆ ತಂದು, ಐದಾರು ಸುತ್ತು ಸುತ್ತಿ, ತುದಿಯನ್ನು ಕುಣಿಕೆಯೊಳಗೆ ನುಗ್ಗಿಸಿ, ಎಂಜಲು ಹಚ್ಚಿ ಬಿಗಿಯಬೇಕು. ಒಣ ದಾರವನ್ನು ಬಿಗಿದರೆ ಸುಟ್ಟ ಹಾಗೆ ಬಲ ಕಳೆದುಕೊಳ್ಳುತ್ತದಂತೆ. ಎಡಗೈಯಿಂದ ತೂರಿಸಿ, ಬಲಗೈಯಿಂದ ಒತ್ತಿ, ಹಲ್ಲಿನಿಂದ ಎಳೆದು ಅವನು ಒಂದು ಗಂಟು ಹಾಕುವಷ್ಟರಲ್ಲಿ ಬೆವರಿದ್ದ.

"ಇಷ್ಟು ಸಣ್ಣ ಗಾಳಕ್ಕೆ ಯಾವ ಮೀನು ಬೀಳುತ್ತೆ? ದೊಡ್ಡದು ತರಬಾರದಿತ್ತಾ?"

"ದೊಡ್ಡ ಗಾಳ ಸಣ್ಣ ಮೀನಿನ ಬಾಯಿಗೆ ಹೋಗಲ್ಲ. ಸಣ್ಣ ಗಾಳ ಇಬ್ಬರ ಬಾಯಿಗೂ ಹೋಗುತ್ತೆ. ಸಿಗಡೀನ ನಿನ್ನ ಉಗುರಿನಷ್ಟು ಮಾಡಿ ಸಿಕ್ಕಿಸು. ಮುಳ್ಳು ಕಾಣಬಾರದು."

ಸಿಗಡಿ ಮುಟ್ಟಿದಾಗ ಅವನ ಮುಖ ನೋಡುವಂತಿತ್ತು. ಪಕ್ಕದ ಕಂಬದ ಬಳಿ ಕೂತಿದ್ದ ಮುದುಕರೊಬ್ಬರು ಕಿಸಕ್ಕನೆ ನಕ್ಕರು. ಬೇಸಿಗೆ ಚಳಿ ಎನ್ನದೆ ಒಂದೇ ಉಣ್ಣೆಯ ಟೋಪಿ ಹಾಕುತ್ತಿದ್ದ ನಿವೃತ್ತ ಅಂಚೆಯವರು. ಜೆಟ್ಟಿಯವರಿಗೆಲ್ಲ ಟೋಪಿ ಮಾವ. ಮಾತು ಕಡಿಮೆ, ನಗು ಧಾರಾಳ.

ಕೋಲನ್ನು ಅವನು ಎಡಗೈಯಲ್ಲಿ ಹಿಡಿದ. ಅಕ್ಕ ಅವನ ಬಲಗೈಯನ್ನು ಎತ್ತಿ ತಂದು, ತೋರುಬೆರಳನ್ನು ಬಿಗಿದ ದಾರದ ಮೇಲೆ ಇಟ್ಟಳು.

"ಮೀನು ಬಂದರೆ ಮೊದಲು ಇಲ್ಲಿ ಗೊತ್ತಾಗುತ್ತೆ. ಕೋಲಿನ ತುದಿ ನೋಡ್ತಾ ಕೂತರೆ ಅದು ತಿಂದು ಬಾಯಿ ಒರಸಿಕೊಂಡು ಹೋಗಿರುತ್ತೆ."

"ಆ ಬೆರಳಿಗೆ ಏನೂ ತಿಳಿಯಲ್ಲ ಕಣಕ್ಕ. ಎಡಗೈದು ಇಡ್ತೀನಿ."

"ನಾ ಹೇಳಿದ ಬೆರಳು ಇಡು."

ಅವತ್ತು ಅವನ ಗಾಳದಿಂದ ಎಷ್ಟೋ ಸಲ ಸಿಗಡಿ ಮಾಯವಾಯಿತು, ಒಂದು ಮೀನೂ ಬರಲಿಲ್ಲ. ಅಕ್ಕನ ಬಕೆಟ್ಟಿನಲ್ಲಿ ಮಾತ್ರ ಅಂಗೈಯಗಲದ ಬೆಳ್ಳನೆಯ ಮೀನುಗಳು ಬಾಲ ಬಡಿಯುತ್ತಿದ್ದವು. ಮನೆಗೆ ಬಂದು ಸೋಪು ಹಾಕಿ ಮೂರು ಸಲ ಕೈ ತೊಳೆದ. "ನಾಳೆ ಹೋಗಲ್ಲ," ಎಂದ ಹೆಂಡತಿಗೆ. ಮಾರನೆಯ ದಿನ ಅಕ್ಕ ಬರುವ ಮುಂಚೆಯೇ ಬೂಟು ಹಾಕಿ ಕೂತಿದ್ದ. ಬರಿಗೈಯಲ್ಲಿ ಬಂದದ್ದು ಅವನಿಗೆ ಅಷ್ಟು ಉರಿದಿತ್ತು.

ಹೀಗೆ ದಿನಗಳು ಹೋದವು. ಎರಡು ಕೋಲಿನ ಗಾಳವನ್ನೂ ಅವನೇ ಕಟ್ಟಬೇಕೆಂದು ಅಕ್ಕ ಹಟ ಹಿಡಿದಳು. ನೀರು ಏರುವಾಗಲೂ ಇಳಿಯುವಾಗಲೂ ಮೀನು ಮೇಯುತ್ತದೆ, ನೀರು ನಿಂತಾಗ ಅದೂ ನಿಲ್ಲುತ್ತದೆ ಎಂದು ಅವನು ಕಲಿತ. ತನ್ನ ನೆರಳು ನೀರಿಗೆ ಬೀಳದಂತೆ ಕೂರಲು ಕಲಿತ. ತುದಿಯವರ ಜೊತೆ ಪೈಪೋಟಿಗೆ ಬಿದ್ದು ಒಮ್ಮೆ ದೂರಕ್ಕೆ ಬೀಸಲು ಹೋಗಿ ಟೋಪಿ ಮಾವನ ಟೋಪಿಯನ್ನೇ ಗಾಳಕ್ಕೆ ಸಿಕ್ಕಿಸಿ ಸಮುದ್ರಕ್ಕೆ ಕಳಿಸಿದ ಮೇಲೆ, ಬೀಸುವ ಮೊದಲು ಹಿಂದೆ ತಿರುಗಿ ನೋಡಬೇಕೆಂಬುದನ್ನೂ ಕಲಿತ. ಟೋಪಿ ಸಿಕ್ಕಿತು, ಒದ್ದೆಯಾಗಿ. "ಈ ವರ್ಷದ ಸ್ನಾನ ಆಯ್ತು ಬಿಡಪ್ಪ ಇದಕ್ಕೆ," ಎಂದರು ಅವರು.

ಒಂದು ಬೆಳಿಗ್ಗೆ ಆಕಾಶ ಮೋಡ ಕಟ್ಟಿತ್ತು. ನೀರು ಏರತೊಡಗಿತ್ತು. ಅವನು ಯಾರದೋ ಮದುವೆ ಮುರಿದ ಕಥೆಯನ್ನು ಅಕ್ಕನಿಗೆ ಹೇಳುತ್ತಿದ್ದವನು ಮಾತಿನ ನಡುವೆ ಗಕ್ಕನೆ ನಿಂತ.

"ಆಮೇಲೆ?" ಎಂದಳು ಅಕ್ಕ.

ಅವನ ಬಲಗೈಯ ತೋರುಬೆರಳಿನ ತುದಿಯಲ್ಲಿ ಏನೋ ಆಗಿತ್ತು. ಬಾಗಿಲ ಆಚೆಯಿಂದ ಯಾರೋ ಉಗುರಿನಲ್ಲಿ ಮೆಲ್ಲಗೆ ಕೆರೆದ ಹಾಗೆ. ಕೋಲಿನ ತುದಿ ಅಲುಗಿರಲಿಲ್ಲ. ಮತ್ತೆ ಕೆರೆಯಿತು. ಅವನು ಉಸಿರು ಬಿಗಿಹಿಡಿದ. "ಅಕ್ಕಾ, ತಿಳೀತಿದೆ!" ಎಂದು ಕೂಗಿ, ಎದ್ದು ನಿಂತು, ಕೋಲನ್ನು ಆಕಾಶಕ್ಕೆ ಎತ್ತಿಬಿಟ್ಟ. ಬರಿಯ ಗಾಳ ಮೇಲೆ ಬಂದು ಅವನ ಮೂಗಿನ ಮುಂದೆ ತೂಗಾಡಿತು.

"ಬಾಗಿಲು ತಟ್ಟಿದವರಿಗೆಲ್ಲ ಹಾಗೆ ಹೊಡೆಯೋಕೆ ಓಡ್ತೀಯೇನೋ?" ಎಂದಳು ಅಕ್ಕ. ಅವಳ ದನಿ ಮಾತ್ರ ಎಂದಿನಂತಿರಲಿಲ್ಲ. "ಮೊದಲು ರುಚಿ ನೋಡುತ್ತೆ, ನೋಡಲಿ. ಬಾಯೊಳಗೆ ತಗೊಂಡು ಹೊರಟಾಗ ದಾರ ಒಂದೇ ಸಮ ಭಾರ ಆಗುತ್ತೆ. ಆಗ ಎತ್ತು, ಎಳೀಬೇಡ. ಎಳೆಯೋದು ಬೇರೆ, ಎತ್ತೋದು ಬೇರೆ."

ಎಳೆಯುವುದಕ್ಕೂ ಎತ್ತುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ತಿಳಿದದ್ದು ಮಧ್ಯಾಹ್ನದ ಹೊತ್ತಿಗೆ, ಅಂಗೈಯಷ್ಟೂ ಇಲ್ಲದ ಒಂದು ಮೀನು ಹಲಗೆಯ ಮೇಲೆ ಬಿದ್ದು ಕುಪ್ಪಳಿಸಿದಾಗ. ಅದನ್ನು ವಾಪಸು ನೀರಿಗೆ ಬಿಡು, ಬೆಳೆಯಲಿ ಎಂದಳು ಅಕ್ಕ. ಅವನು ಒಪ್ಪಲಿಲ್ಲ. ಮನೆಗೆ ಒಯ್ದು ಹೆಂಡತಿಯ ಮುಂದೆ ತಟ್ಟೆಯಲ್ಲಿಟ್ಟ. ಅವಳು ಆ ಒಂದು ಮೀನನ್ನು ಹುರಿದು, ಎರಡು ಪಾಲು ಮಾಡಿ, ಹೊಟ್ಟೆ ತುಂಬಿದವಳಂತೆ ತೇಗಿದಳು.

ಬೆರಳು ಎಚ್ಚರವಾದ ಖುಷಿಯಲ್ಲಿ ಅವನು ಒಂದು ಎಡವಟ್ಟು ಮಾಡಿದ. ಯಾರಿಗೂ ಹೇಳದೆ ಬಾಮೈದನನ್ನು ಕರೆದುಕೊಂಡು ಹೋಗಿ, ಸಲೂನಿನ ಬಾಗಿಲು ಎತ್ತಿ, ಕುರ್ಚಿಯ ಧೂಳು ಒರೆಸಿ ಅವನನ್ನು ಕೂರಿಸಿದ. ಗಡ್ಡಕ್ಕೆ ನೊರೆ ಹಚ್ಚುವವರೆಗೆ ಎಲ್ಲ ಚೆನ್ನಾಗಿತ್ತು. ಕತ್ತಿ ಹಿಡಿದ ಕೈ ಗಂಟಲ ಹತ್ತಿರ ಬಂದಾಗ ನಡುಗಿತು. ಕೆನ್ನೆಯ ಕೆಳಗೆ ಸಣ್ಣದೊಂದು ಕೆಂಪು ಗೆರೆ ಮೂಡಿತು.

"ಏನೂ ಆಗಿಲ್ಲ ಭಾವ, ಸೊಳ್ಳೆ ಕಚ್ಚಿದ ಹಾಗಾಯ್ತು ಅಷ್ಟೇ. ಮುಂದುವರಿಸಿ," ಎಂದ ಬಾಮೈದ. ಕನ್ನಡಿಯಲ್ಲಿ ಅವನ ಮುಖದ ಬಣ್ಣ ಹಾರಿತ್ತು.

ಕ್ಷೌರಿಕ ಮುಂದುವರಿಸಲಿಲ್ಲ. ತನ್ನ ಕೈಗುಣದ ಬಗ್ಗೆ ಊರೆಲ್ಲ ಹೊಗಳುತ್ತಿದ್ದದ್ದು ನೆನಪಾಯಿತು. ಬಾಮೈದನ ಮುಖದ ನೊರೆ ಒರೆಸಿ ಕಳಿಸಿದ. ಬಾಗಿಲು ಎಳೆದು ಬೀಗ ಹಾಕಿ ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿದ. ಅಕ್ಕ ಬಂದು ಕರೆದರೆ ತಲೆನೋವು ಎಂದ. ಮರುದಿನ ಹೊಟ್ಟೆನೋವು. ಆಮೇಲೆ ಯಾವ ನೋವನ್ನೂ ಹೇಳುವ ಗೋಜಿಗೆ ಹೋಗಲಿಲ್ಲ. ಅಕ್ಕನೂ ಬರುವುದನ್ನು ನಿಲ್ಲಿಸಿದಳು.

ಅವಳು ಬಾರದಿದ್ದದ್ದೇ ಅವನನ್ನು ಚುಚ್ಚತೊಡಗಿತು. ಜಗಳಕ್ಕಾದರೂ ಬರುತ್ತಿದ್ದ ಅಕ್ಕ ಹೀಗೆ ಸುಮ್ಮನಾಗುವವಳಲ್ಲ. ಒಂದು ದಿನ ಹೆಂಡತಿ ಬೇಕರಿಗೆ ಹೊರಟ ಮೇಲೆ ಬೂಟು ಹಾಕಿಕೊಂಡು ಒಬ್ಬನೇ ಹೊರಟ.

ಅಕ್ಕ ಎಂದಿನ ಕಂಬದ ಬಳಿಯೇ ಇದ್ದಳು, ಅವನಿಗೆ ಬೆನ್ನು ಮಾಡಿ. ಗಾಳವನ್ನು ಬೆಳಕಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದಾರದ ತುದಿಯನ್ನು ಅದರತ್ತ ತರುತ್ತಿದ್ದಳು. ತುದಿ ಗಾಳದ ಕಣ್ಣಿನ ಪಕ್ಕಕ್ಕೆ ಹೋಯಿತು. ಮತ್ತೆ ತಂದಳು, ಈ ಸಲ ಮೇಲಕ್ಕೆ ಹೋಯಿತು. ಗಾಳವನ್ನು ಹತ್ತಿರ ತಂದು, ದೂರ ಒಯ್ದು, ತಲೆ ವಾರೆ ಮಾಡಿ ನೋಡಿ, ಕೊನೆಗೆ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ನೀರಿನತ್ತ ಮುಖ ಮಾಡಿ ಕೂತಳು. ಕೋಲು ಕಟಕಟೆಗೆ ಒರಗಿತ್ತು. ಬಕೆಟ್ಟು ಖಾಲಿ.

"ವಾರದಿಂದ ಹೀಗೇನೇ," ಎಂದರು ಟೋಪಿ ಮಾವ ಅವನ ಬಳಿ ಬಂದು, ತಗ್ಗಿದ ದನಿಯಲ್ಲಿ. "ನಾನು ಕಟ್ಟಿಕೊಡ್ತೀನಮ್ಮ ಅಂದ್ರೆ ಬೈತಾಳೆ. ಮೊದಲು ಯಾರಿಗೂ ಗೊತ್ತಾಗಿರಲಿಲ್ಲ. ನೀನು ಕಟ್ಟಿಕೊಡ್ತಿದ್ದೆಯಲ್ಲ."

ಕಟ್ಟು, ಕಟ್ಟು ಎಂದು ಅಕ್ಕ ಪ್ರಾಣ ತಿಂದದ್ದೆಲ್ಲ ತನ್ನ ಬೆರಳಿನ ಸಲುವಾಗಿ ಎಂದೇ ಅವನು ತಿಳಿದಿದ್ದ. ಹೋಗಿ ಪಕ್ಕದಲ್ಲಿ ಕೂತು, ಅವಳ ಮಡಿಲಿಂದ ಗಾಳ ತೆಗೆದುಕೊಂಡ.

"ಕಣ್ಣು ಯಾವಾಗಿಂದ ಹೀಗಿದೆ?"

"ಯಾರಿಗೆ? ನಂಗಾ? ಬಿಸಿಲಿಗೆ ಕಣ್ಣು ಕೋರೈಸ್ತು."

"ಬಿಸಿಲೆಲ್ಲಿದೆ ಅಕ್ಕ?"

ಅಕ್ಕ ಆಕಾಶದತ್ತ ನೋಡಿದಳು. ಮೋಡ ಕವಿದಿತ್ತು. "ಎಲ್ಲ ಮಂಜು ಮಂಜು ಕಣೋ," ಎಂದಳು. "ಪೊರೆ ಬಂದಿದೆ, ಆಪರೇಷನ್ ಮಾಡಬೇಕು ಅಂತ ಹೋದ ವರ್ಷಾನೇ ಅಂದ್ರು. ಕಣ್ಣಿಗೆ ಕತ್ತಿ ಹಾಕ್ತಾರಂತೆ. ಎಷ್ಟು ದಿನ ನಡೆಯುತ್ತೋ ನಡೀಲಿ ಅಂತ ಬಿಟ್ಟೆ."

ಊರಿಗೆಲ್ಲ ಧೈರ್ಯ ಹೇಳುವ ಅಕ್ಕ ಹೆದರಿದ್ದನ್ನು ಅವನು ಮೊದಲ ಸಲ ಕಂಡ. ದಾರವನ್ನು ಗಾಳದ ಕಣ್ಣಿಗೆ ತೂರಿಸಿದ. ಸುತ್ತು ಹಾಕಿದ. ಹಲ್ಲು ಬಳಸದೆಯೇ ಬಿಗಿದೆನೆಂಬುದು ಬಿಗಿದ ಮೇಲೆ ಹೊಳೆಯಿತು.

ಸಿಗಡಿ ಸಿಕ್ಕಿಸಿ ಅವನು ಕೊಟ್ಟ ಗಾಳವನ್ನು ಅಕ್ಕ ಕಂಬದ ಬುಡಕ್ಕೆ ಬಿಟ್ಟಳು. ಹೊತ್ತು ಹೆಚ್ಚು ಹೋಗಲಿಲ್ಲ, ಅವಳ ಕೋಲು ಬಿಲ್ಲಿನ ಹಾಗೆ ಬಾಗಿತು. ದಾರ ಸುತ್ತಿದ ರೀಲು ಕಿರ್ರೆಂದು ಕೂಗತೊಡಗಿತು.

"ಕಂಬ ಸುತ್ತೋಕೆ ಹೊರಟಿದೆ! ಯಾವ ಕಡೆಗೆ ಹೋಗ್ತಿದೆ ನೋಡೋ, ನಂಗೆ ದಾರ ಕಾಣ್ತಿಲ್ಲ!"

"ಎಡಕ್ಕೆ, ಎಡಕ್ಕೆ ಅಕ್ಕ! ಕೋಲು ಬಲಕ್ಕೆ ತಿರುಗಿಸು! ಇನ್ನೂ ಹೊರಗೆ ಚಾಚು!"

ಕಂಬದ ಚಿಪ್ಪುಗಳು ಚೂರಿಯಷ್ಟು ಹರಿತ, ದಾರ ತಾಗಿದರೆ ಕಥೆ ಮುಗಿಯಿತು. ಅಕ್ಕ ತೋಳು ಚಾಚಿ ನಿಂತಳು. ಅವನು ಅವಳ ಕಣ್ಣಾಗಿ ಒಂದೇ ಸಮನೆ ಕೂಗುತ್ತಿದ್ದ. ಈಗ ಬಿಡು, ಈಗ ಸುತ್ತು, ಹೊರಗೆ ಬಂತು, ಮತ್ತೆ ಕೆಳಗೆ ಹೋಯ್ತು. ತುದಿಯಲ್ಲಿ ನಿಂತಿದ್ದವರೆಲ್ಲ ಕೋಲು ಬಿಟ್ಟು ಓಡಿ ಬಂದರು. ಕೊನೆಗೆ ದಣಿದು ಮೇಲೆ ತೇಲಿತು, ತೋಳುದ್ದದ ಮೀನು, ಹೊಟ್ಟೆ ಹೊಳೆಯುತ್ತಿತ್ತು.

"ದಾರದಲ್ಲಿ ಎತ್ತಬೇಡಿ, ತುಂಡಾಗುತ್ತೆ!" ಎಂದು ಟೋಪಿ ಮಾವ ತಮ್ಮ ಬಲೆ ತಂದರು. ಕಬ್ಬಿಣದ ಬಳೆಗೆ ಹೆಣೆದ, ಹಗ್ಗ ಕಟ್ಟಿದ ಬಲೆ. ಅದನ್ನು ಕ್ಷೌರಿಕನ ಕೈಗೇ ಕೊಟ್ಟರು. ಅವನು ಅದನ್ನು ನೀರೊಳಕ್ಕೆ ಇಳಿಸಿದ. ಅಕ್ಕ ಮೀನನ್ನು ಅದರ ಮೇಲಕ್ಕೆ ನಡೆಸಿ ತಂದಳು. ಅವನು ಎತ್ತತೊಡಗಿದ. ಎಡಗೈ ಎಳೆಯುವುದು, ಬಲಗೈ ಹಿಡಿದಿಡುವುದು. ಮತ್ತೆ ಎಡಗೈ, ಮತ್ತೆ ಬಲಗೈ. ಒದ್ದೆ ಹಗ್ಗ ಅಂಗೈಯನ್ನು ಕೊರೆಯಿತು. ಕೊರೆಯುವುದು ಅವನಿಗೆ ತಿಳಿಯುತ್ತಿತ್ತು. ಬಲಗೈಯಲ್ಲಿ ಉರಿ, ಅಂಥ ಸುಖದ ಉರಿಯನ್ನು ಅವನು ಹಿಂದೆ ಕಂಡಿರಲಿಲ್ಲ. ಹಲಗೆಯ ಮೇಲೆ ಮೀನು ಬಿದ್ದಾಗ ಅಕ್ಕ ತಮ್ಮ ಇಬ್ಬರೂ ಕುಸಿದು ಕೂತು, ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಅವನು ಹೇಳಿದ, "ಅಕ್ಕ, ನೀನು ಆಪರೇಷನ್ ಮಾಡಿಸ್ಕೋ. ನಾನು ಅಂಗಡಿ ತೆಗೀತೀನಿ."

"ನೀನು ಮೊದಲು ತೆಗಿ, ಆಮೇಲೆ ನೋಡೋಣ."

"ಸರಿ, ನಾಳೇನೇ ತೆಗೀತೀನಿ."

ಮಾತು ಜಾರಿದ ಮೇಲೆ ಅವನು, ಗಡ್ಡದ ಕತ್ತಿಯನ್ನು ಮುಟ್ಟುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮಷಿನ್ನಿನಲ್ಲಿ ತಲೆಗೂದಲು ಮಾತ್ರ, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಬಾಚಣಿಗೆ. ಆದರೆ ತಲೆ ಕೊಡುವವರು ಯಾರು? ಬಾಮೈದನನ್ನು ಮತ್ತೆ ಕೇಳುವ ಮುಖವಿರಲಿಲ್ಲ.

ಮರುದಿನ ಬಾಗಿಲು ಎತ್ತಿದಾಗ ಟೋಪಿ ಮಾವ ಹೊರಗೆ ನಿಂತಿದ್ದರು. ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಟೋಪಿ ತೆಗೆದರು. ಟೋಪಿ ಸಮುದ್ರಕ್ಕೆ ಬಿದ್ದ ದಿನ ಬಿಟ್ಟರೆ ಜೆಟ್ಟಿಯವರು ಯಾರೂ ಕಂಡಿರದ ಅವರ ತಲೆಯಲ್ಲಿ ದಟ್ಟವಾದ ಬಿಳಿಗೂದಲು ಇತ್ತು.

"ಬಂದಾಗ ಎರಡು ಕಿವಿ ಇತ್ತು. ಹೋಗುವಾಗಲೂ ಎರಡೇ ಇರಲಿ, ಅಷ್ಟು ನೋಡ್ಕೋ," ಎಂದರು.

"ಹೆಚ್ಚುಕಮ್ಮಿ ಆದ್ರೆ ಮಾವ?"

"ಟೋಪಿ ಇದೆಯಲ್ಲಪ್ಪ, ಅದಕ್ಕೇ ನಾನೇ ಬಂದೆ."

ಆ ಕ್ಷೌರಕ್ಕೆ ಮೊದಲಿನ ಮೂರರಷ್ಟು ಹೊತ್ತು ಹಿಡಿಯಿತು. ಎಡಗೈಯಲ್ಲಿ ಕೆಲಸ ಮಾಡುವಾಗ ಕನ್ನಡಿಯಲ್ಲಿ ಎಲ್ಲ ತಿರುಗುಮುರುಗಾಗಿ ಕಾಣುತ್ತಿತ್ತು. ಬಲಗೈಯ ಬಾಚಣಿಗೆ ಎರಡು ಸಲ ಜಾರಿತು, ಎತ್ತಿಕೊಂಡ. ಅವಸರ ಬಂದಾಗಲೆಲ್ಲ ಮಷಿನ್ನು ಆರಿಸಿ, ಒಂದು ಸುದ್ದಿ ಹೇಳಿ, ಮತ್ತೆ ಶುರು ಮಾಡಿದ. ಬಲಗಿವಿಯ ಮೇಲೆ ಕೂದಲು ಕೊಂಚ ಗಿಡ್ಡವಾಯಿತು. ಟೋಪಿ ಮಾವ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ಟೋಪಿಯನ್ನು ಜೇಬಿಗೆ ಹಾಕಿ, ಬರಿದಲೆಯಲ್ಲೇ ಬೀದಿಗೆ ಇಳಿದರು.

ಅಕ್ಕನ ಆಪರೇಷನ್ನಿನ ದಿನ ಹೆಂಡತಿ ರಜೆ ಹಾಕಿ ಅವಳ ಜೊತೆ ಒಳಗೆ ಹೋದಳು, ಅವನು ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚಿದ. ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ತಮ್ಮನ ಹೆಂಡತಿಯನ್ನು ನೋಡಿ, "ಬಡವಾಗಿದ್ದೀಯಲ್ಲೇ," ಎಂದಳು. ಆಮೇಲೆ ತಮ್ಮನ ಕಡೆ ತಿರುಗಿ ಬಹಳ ಹೊತ್ತು ದಿಟ್ಟಿಸಿದಳು. "ಅಯ್ಯೋ, ಇಷ್ಟು ಮುದುಕ ಯಾವಾಗ ಆದ್ಯೋ? ನನಗೆ ಯಾರೂ ಹೇಳಲೇ ಇಲ್ಲ!"

ಕೈ ಪೂರ್ತಿ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಅವನಿಗೆ ಹೇಳಿದ್ದಾರೆ. ಗಡ್ಡ ಮಾಡಿಸಿಕೊಳ್ಳುವವರನ್ನು ಅವನು ಎದುರು ಬೀದಿಯ ಸಲೂನಿಗೆ ಕಳಿಸುತ್ತಾನೆ. ಅಲ್ಲಿಯವನು ಒಂದು ಕಾಲದಲ್ಲಿ ಹೊಟ್ಟೆಕಿಚ್ಚಿನ ವೈರಿ. ಈಗ ತಲೆಗೂದಲು ಕತ್ತರಿಸಿಕೊಳ್ಳುವವರು ಬಂದರೆ ಇವನಲ್ಲಿಗೆ ಕಳಿಸುತ್ತಾನೆ. ಸಲೂನು ತೆರೆಯುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆಯೆಲ್ಲ ಜೆಟ್ಟಿ.

ನಿನ್ನೆ ಅಕ್ಕ ತಮ್ಮ ಇಬ್ಬರಿಗೂ ಏನೂ ಬೀಳಲಿಲ್ಲ. ನೀರು ಕಲಕಿ ಕಂದಾಗಿತ್ತು, ಗಾಳಿ ಅಡ್ಡಡ್ಡ ಬೀಸುತ್ತಿತ್ತು. ಅಕ್ಕ ಕಣ್ಣು ಬಂದ ಜಂಬದಲ್ಲಿ ಆಚೆಯ ಕಂಬ ಒಳ್ಳೆಯದು ಎಂದಳು, ಅವನು ಈಚೆಯದು ಎಂದ. ಜಗಳವಾಡುತ್ತಾ ಎರಡು ಕಡೆಯೂ ಕೂತು ನೋಡಿದರು. ಗಿರಾಕಿಗಳು ಬರುವ ಹೊತ್ತಾಯಿತೆಂದು ಅವನು ಎದ್ದು ಬಕೆಟ್ಟು ತೊಳೆದ.

"ನಾಳೆ ನೀರು ಏರೋದು ತಡ," ಎಂದಳು ಅಕ್ಕ, "ನಿಧಾನಕ್ಕೆ ಬಾ."

"ನಾನು ಬೇಗ ಬಂದು ಜಾಗ ಹಿಡೀತೀನಿ," ಎಂದು ಅವನು ಹಲಗೆಗಳ ಮೇಲೆ ಸದ್ದಾಗದಂತೆ ನಡೆದು ಸಲೂನಿನ ಕಡೆ ಹೊರಟ.